ಗಾಜಿನ ಮನೆಯ ಹೊಸ ಒಕ್ಕಲು

ಮೂರನೇ ಮಹಡಿ, ಬೀದಿ ಕಡೆಯ ಕೋಣೆ
ಮಾರ್ಚ್ ಹತ್ತು, ಭಾನುವಾರ

ಪ್ರೀತಿಯ ಸೊಸೆಗೆ,

ಹೇಗಿದ್ದೀಯ ಮಗಳೇ? ಹೊಸ ಶಾಲೆಯ ಮೆಟ್ಟಿಲು ಹತ್ತಿ ಇಳಿದು ಮಂಡಿನೋವು ಹೆಚ್ಚಾಗಿಲ್ಲ ತಾನೇ? ಪಾಠ ಮಾಡಿ ಗಂಟಲು ಕಟ್ಟಿದರೆ ಬಿಸಿನೀರು ಕುಡಿ, ನಾಳೆ ನೋಡೋಣ ಅನ್ನಬೇಡ. ನಿನ್ನ ನಾಳೆಗಳು ನನಗೆ ಗೊತ್ತಿಲ್ಲದವೇನಲ್ಲ. ನನ್ನದು ಹೇಗೋ ನಡೆದಿದೆ. ನಿನ್ನ ಗಂಡನೂ ಇದ್ದಾನೆ. ಪ್ರೆಸ್ಸಿಗೆ ಹೋಗುತ್ತಾನೆ, ಬರುತ್ತಾನೆ, ಬಡಿಸಿದ್ದನ್ನು ಉಣ್ಣುತ್ತಾನೆ. ನಿನಗೆ ವರ್ಗವಾದಾಗ ಅವನು ಜೊತೆಗೆ ಬರುವುದಿಲ್ಲ ಅಂದ, ನೀನು ಇನ್ನು ಈ ಮನೆಗೆ ಬರುವುದಿಲ್ಲ ಅಂದೆ. ಆ ಮಾತಿಗೆ ನಾನು ಬಾಯಿ ಹಾಕುವುದಿಲ್ಲ. ಈ ಕಾಗದ ಬೇರೆ ವಿಷಯಕ್ಕೆ.

ನಿನ್ನ ಜೇಡ ಬಂದಿದೆ.

ಹುಳುಹುಪ್ಪಟೆ ಸಾಕಿ ಮಾರುವ ಆ ಗಡ್ಡದವನ ಹತ್ತಿರ ನೀನು ಒಂದು ಟರಾಂಟುಲಾ ಜೇಡ ಬೇಕೆಂದು ಹೇಳಿಟ್ಟಿದ್ದೆಯಂತೆ. ಶಾಲೆಯ ಮಕ್ಕಳಿಗೆ ತೋರಿಸುವ ನೆಪ, ನಿಜವಾಗಿ ಬೇಕಾದದ್ದು ನಿನಗೇ ಎಂದೂ ಅವನೇ ಹೇಳಿದ. ನನ್ನ ಹತ್ತಿರ ಮಾತ್ರ ತುಟಿ ಬಿಚ್ಚಿರಲಿಲ್ಲ, ಕಳ್ಳಿ! ಹೋದ ತಿಂಗಳು ಅವನು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ. ಒಳಗೆ ನನ್ನ ಅಂಗೈಯಷ್ಟು ಅಗಲದ, ಕಂದು ಕೂದಲಿನ ಪ್ರಾಣಿ. ಮೂಲೆಯಲ್ಲಿ ಬಲೆ ಕಂಡರೆ ಪೊರಕೆ ಹುಡುಕುವವಳು ನಾನು. ಮಗ ಒಳಗಿನಿಂದಲೇ, "ಅವಳೇ ಇಲ್ಲ, ಅವಳ ಜೇಡ ಯಾಕಮ್ಮ? ವಾಪಸ್ ಕಳ್ಸು" ಅಂದ. ಅವನು ಆ ಮಾತು ಆಡದಿದ್ದರೆ ನಾನೇ ಕಳಿಸಿಬಿಡುತ್ತಿದ್ದೆನೋ ಏನೋ. "ಇರ್ಲಿ, ಒಳಗೆ ತಗೊಂಡ್ ಬಾಪ್ಪ" ಎಂದುಬಿಟ್ಟೆ.

ಫೋಟೋ ಫ್ರೇಮಿನ ಅಂಗಡಿಯಲ್ಲಿ ಗಾಜು ಕತ್ತರಿಸಿಯೇ ನಿನ್ನ ಗಂಡನನ್ನು ಸಾಕಿದವಳು ನಾನು. ಜೇಡಕ್ಕೊಂದು ಮನೆ ಕಟ್ಟುವುದು ಯಾವ ದೊಡ್ಡ ವಿದ್ಯೆ ಅಂದುಕೊಂಡೆ. ಎತ್ತರದ ಗಾಜಿನ ಪೆಟ್ಟಿಗೆ ಮಾಡಿದೆ. ಒಳಗೆ ಕಲ್ಲುಗಳ ಗುಡ್ಡ, ಕುಡಿಯಲು ಒದ್ದೆ ಸ್ಪಂಜು, ಮೇಲಿನಿಂದ ಬೆಚ್ಚಗಿನ ದೀಪ. ನೋಡಿದವರು ಮೆಚ್ಚಬೇಕು, ಹಾಗಿತ್ತು. ಗಡ್ಡದವನು ಬಂದು ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡ. "ಅಮ್ಮಾ, ಚಂದ ಇದೆ. ಆದ್ರೆ ಇದ್ರಲ್ಲಿ ಅದು ಬದುಕಲ್ಲ." ಇದು ನೆಲದ ಜೇಡವಂತೆ. ಎತ್ತರವಿದ್ದರೆ ಗಾಜು ಹತ್ತಿ ಜಾರಿ ಬೀಳುತ್ತದೆ, ಬಿದ್ದರೆ ಹೊಟ್ಟೆ ಒಡೆಯುತ್ತದೆ. ಬಿಲ ತೋಡುವಾಗ ಕಲ್ಲು ಮೇಲೆ ಉರುಳುತ್ತದೆ. ದೀಪ ಒಣಗಿಸುತ್ತದೆ, ಸ್ಪಂಜು ಕೊಳೆಯುತ್ತದೆ. ಒಟ್ಟಿನಲ್ಲಿ ನಾನು ಮಾಡಿದ್ದರಲ್ಲಿ ಉಳಿದದ್ದು ಗಾಜು ಒಂದೇ.

ಬಿಚ್ಚಿ ಮತ್ತೆ ಕಟ್ಟಿದೆ. ಗಾಜನ್ನು ತಗ್ಗಾಗಿ ಕತ್ತರಿಸಿ ಅಂಚುಗಳನ್ನು ಉಜ್ಜಿ ನಯ ಮಾಡಿದೆ. ತೆಂಗಿನ ನಾರಿನ ಪುಡಿಯನ್ನು ಸ್ವಲ್ಪವೇ ತೇವ ಮಾಡಿ, ಅರ್ಧಕ್ಕಿಂತ ಮೇಲೆ ಬರುವಷ್ಟು ತುಂಬಿ ಅಂಗೈಯಿಂದ ಒತ್ತಿದೆ. ಈಗ ನೆಲದಿಂದ ಮುಚ್ಚಳಕ್ಕೆ ಅದು ಕಾಲು ಚಾಚಿದರೆ ಮುಟ್ಟುವುದಕ್ಕಿಂತ ಕೊಂಚ ಹೆಚ್ಚು ಎತ್ತರ, ಅಷ್ಟೆ. ಅಡಗಲು ಬೋರಲು ಹಾಕಿದ ತೊಗಟೆಯ ತುಂಡು; ಅದರಡಿಯಲ್ಲಿ ಬೆರಳು ಹಾಕಿ ಬಿಲಕ್ಕೆ ಒಂದು ಆರಂಭ ಮಾಡಿಕೊಟ್ಟೆ. ಮೂಲೆಯಲ್ಲಿ ನೀರಿನ ಪುಟ್ಟ ಬಟ್ಟಲು. ಗಾಳಿಗೆ ಬದಿಯಲ್ಲಿ ಸಣ್ಣ ತೂತುಗಳು. ತಂತಿಬಲೆ ಹಾಕಿದರೆ ಅದರ ಉಗುರು ಸಿಕ್ಕಿಕೊಳ್ಳುತ್ತದಂತೆ. ಮುಚ್ಚಳಕ್ಕೆ ಚಿಲಕ, ಅದು ನನ್ನ ನಿದ್ದೆಗೆ. ನಿನ್ನ ಪುಸ್ತಕದ ಕಪಾಟಿನ ಕೆಳಗಿನ ಖಾನೆ ಖಾಲಿ ಮಾಡಿ, ಬಿಸಿಲು ಬೀಳದ ಕಡೆ ಇಟ್ಟಿದ್ದೇನೆ. ಪುಸ್ತಕಗಳು ಮಂಚದ ಕೆಳಗೆ ಭದ್ರವಾಗಿವೆ, ಕೋಪ ಮಾಡಿಕೊಳ್ಳಬೇಡ.

ಮೊದಲು ಮೂಲೆ ಹಿಡಿದು ಕೂತಿತು. ಆಮೇಲೆ ನಾರಿನ ಪುಡಿ ತೋಡಲು ಶುರುಮಾಡಿ ನನ್ನ ನೀರಿನ ಬಟ್ಟಲನ್ನೇ ಮುಚ್ಚಿಹಾಕಿತು. ತಿನ್ನಲು ಮಿಡತೆ ಹಾಕಿದರೆ ಮೂಸಲೂ ಇಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಅಂಗಾತ ಬಿದ್ದಿದೆ, ಎಂಟು ಕಾಲೂ ಮೇಲಕ್ಕೆ. ಮಗನನ್ನು ಕೂಗಿದೆ. ಮಗ ಬಂದು ನೋಡಿ, "ಸತ್ತಿದೆ ಕಣಮ್ಮ. ನೀನ್ ನೋಡ್ಬೇಡ, ನಾನೇ ಎಸೆದ್ ಬರ್ತೀನಿ" ಅಂದ. ದನಿಯಲ್ಲಿ ಕೊಂಕಿರಲಿಲ್ಲ. ಹಳೆಯ ಪೇಪರು ಮಡಚಿ ತಂದು ಚಿಲಕ ತೆಗೆದೇಬಿಟ್ಟಿದ್ದ. ಒಂದು ಗಳಿಗೆ ತಾಳು ಎಂದು ಗಡ್ಡದವನಿಗೆ ಫೋನು ಮಾಡಿದೆ. ಅವನು ಕಿರುಚಿದ್ದು ಕೋಣೆಗೆಲ್ಲ ಕೇಳಿಸಿತು: "ಮುಟ್ಬೇಡಿ! ಸತ್ತ ಜೇಡ ಕಾಲು ಮಡಚ್ಕೊಂಡು ಮುದುಡುತ್ತೆ, ಹೀಗೆ ಅಂಗಾತ ಮಲಗಲ್ಲ. ಪೊರೆ ಬಿಡ್ತಾ ಇದೆ!"

ಮಗ ಹಾಲಿನ ಪಾತ್ರೆ ಮುಚ್ಚುವಂತೆ ಮೆಲ್ಲಗೆ ಮುಚ್ಚಳ ಹಾಕಿದ. ಅವತ್ತು ಪ್ರೆಸ್ಸಿಗೆ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತ, ನಾನೂ ಕೂತೆ. ಬಿಗಿಯಾದ ಕೈಗವಸಿನಿಂದ ಬೆರಳು ಬಿಡಿಸಿಕೊಳ್ಳುವ ಹಾಗೆ ಅದು ಹಳೆಯ ಚರ್ಮದಿಂದ ಒಂದೊಂದೇ ಕಾಲು ಎಳೆದುಕೊಂಡಿತು. ಎಳೆಯುವುದು, ಸುಸ್ತಾಗಿ ನಿಲ್ಲುವುದು. ಮಧ್ಯಾಹ್ನದ ಹೊತ್ತಿಗೆ ಅವನು, "ಎಂಟೂ ಬಂತಮ್ಮ" ಅಂದ. ಸ್ವಲ್ಪ ಬಿಟ್ಟು, "ಅವಳು ನೋಡ್ಬೇಕಿತ್ತು" ಅಂದ. ಗಾಜಿಗೆ ಹೇಳಿದ, ನನಗಲ್ಲ. ಇದಕ್ಕೆ ನಾನು ಉಪ್ಪುಖಾರ ಹಚ್ಚುವುದಿಲ್ಲ, ಕೇಳಿದ್ದನ್ನು ಬರೆದಿದ್ದೇನೆ.

ಕೋರೆಹಲ್ಲು ಇನ್ನೂ ಬೆಳ್ಳಗೆ ಮೆತ್ತಗಿದೆ, ಕಪ್ಪಾಗುವವರೆಗೆ ತಿನ್ನಲು ಕೊಡುವಂತಿಲ್ಲ. ಕಳಚಿದ ಪೊರೆ ನೋಡಿ ಹೆಣ್ಣು ಎಂದು ಗಡ್ಡದವನು ಹೇಳಿದ. ಹೆಣ್ಣಾದರೆ ಇಪ್ಪತ್ತು ವರ್ಷವಾದರೂ ಬದುಕೀತಂತೆ. ಹೆಸರಿಡುವುದು ನಿನಗೆ ಬಿಟ್ಟದ್ದು. ಸದ್ಯಕ್ಕೆ ನಾನು "ಏ ಇವಳೇ" ಎಂದು ಕರೆಯುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಕ್ಕಳ ಮೇಲೆ ರೇಗಬೇಡ. ನಿನ್ನ ಮನಸ್ಸಿನಂತೆ ಎಲ್ಲ ಒಳ್ಳೆಯದಾಗಲಿ.

ನಿನ್ನ
ಅತ್ತೆ

ಮರೆತ ಮಾತು: ಬರುವ ಗುರುವಾರ ನನ್ನ ಎದೆಯ ಆಪರೇಷನ್. ಭಯಪಡುವಂಥದ್ದಲ್ಲ ಅನ್ನುತ್ತಾರೆ, ಅನ್ನುವವರು ಹಾಗೆಯೇ ತಾನೇ ಅನ್ನುವುದು. ಆಸ್ಪತ್ರೆಯ ಕೌಂಟರಿನ ಹುಡುಗಿ ಹತ್ತಿರದವರು ಯಾರು ಎಂದು ಕೇಳಿದಳು. ಮಗ, ಸೊಸೆ ಅಂದೆ. ಸೊಸೆಯ ಫೋನ್ ನಂಬರ್ ಎಂದಳು. ನಾನು ಚೀಲ ತಡಕುವಷ್ಟರಲ್ಲಿ ಪಕ್ಕದಲ್ಲಿದ್ದ ಅವನು ಬಾಯಿಪಾಠ ಒಪ್ಪಿಸಿದ, ಒಂದು ಅಂಕಿಯೂ ತಡವರಿಸಲಿಲ್ಲ. ಅವರು ನಿಮಗೇನಾಗಬೇಕು ಎಂದು ಅವನನ್ನು ಕೇಳಿದಳು. "ನನ್ ಹೆಂಡ್ತಿ" ಅಂದ. ಬರುವುದಾದರೆ ಬುಧವಾರವೇ ಬಾ. ಮಿಡತೆ ಹಿಡಿಯಲು ಅವನಿಗೆ ಇನ್ನೂ ಭಯ.