ಹಿಂದಕ್ಕೆ ಸರಿಯದ ಸೀಟು

ನಾನು ಒಮ್ಮೆಯೂ ನೋಡದ, ಆದರೂ ದಿನವೂ ಮನಸ್ಸಿನಲ್ಲೇ ಮಾತಾಡಿಸುವ ಅತ್ತೆಗೆ,

ನಿಮ್ಮ ಹೊಸ ಸೊಸೆಯ ನಮಸ್ಕಾರಗಳು. ‘ಸೊಸೆ’ ಎಂದು ಬರೆಯುವಾಗ ಈಗಲೂ ನನಗೆ ಒಳಗೊಳಗೇ ನಗು ಬರುತ್ತದೆ, ಅಷ್ಟು ಹೊಸದು ಎಲ್ಲ. ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಆದರೆ ನಿಮಗೆ ಬರೆದರೆ ಕನ್ನಡದಲ್ಲೇ ಎಂದು ಹಟ ಹಿಡಿದು ಕೂತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇವತ್ತು ನಿಮ್ಮ ಕಾರು ಆಸ್ಪತ್ರೆಯ ಏರು ಹತ್ತಿತು ಅತ್ತೆ. ಓಡಿಸಿದ್ದು ನಾನು. ಇದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ನಾನು ಈ ಮನೆಗೆ ಬಂದ ಹೊಸತರಲ್ಲಿ ಒಂದು ಬೆಳಗ್ಗೆ ಮಾವ ಎಲ್ಲೂ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಶೆಡ್ಡಿನಲ್ಲಿ, ನೀವು ಹೋದಾಗಿನಿಂದ ನಿಂತೇ ಇದ್ದ ಕಾರಿನೊಳಗೆ, ಡ್ರೈವರ್ ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿ ಸಿಕ್ಕಿಬಿದ್ದವರ ಹಾಗೆ “ಇಲ್ಲಿ ಬೆಳಕು ಚೆನ್ನಾಗಿದೆ ಕಣಮ್ಮ” ಎಂದರು. ಆ ಶೆಡ್ಡಿನಲ್ಲಿ ಜೇಡರ ಬಲೆ ಬಿಟ್ಟರೆ ಇನ್ನೇನಿದೆ ಅತ್ತೆ?

ಅವತ್ತೇ ಊಟಕ್ಕೆ ಕೂತಾಗ ನಿಮ್ಮ ಮಗ ಮಾತು ತೆಗೆದರು. “ಅಪ್ಪ, ಆ ಕಾರನ್ನ ಮೆಕ್ಯಾನಿಕ್‌ಗೆ ಮಾರ್ಬಿಡೋಣ. ನಂಗೆ ಬೈಕ್ ಸಾಕು. ಓಡಿಸೋರಿಲ್ಲದೆ ತುಕ್ಕು ಹಿಡೀತಿದೆ.” ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ತವರಿನಲ್ಲಿ ನಾನು ಓಡಿಸಿದ್ದು ಬರೀ ಆಟೊಮ್ಯಾಟಿಕ್. ಆದರೂ ಬಾಯಿ ತಡೆಯಲಿಲ್ಲ. “ನಾನು ಓಡಿಸ್ತೀನಿ. ಗೇರ್ ಹಾಕೋದೊಂದು ಗೊತ್ತಿಲ್ಲ, ಮಾವ ಕಲಿಸ್ತಾರೆ.” ಮಾವ ತಕ್ಷಣ “ಓಹೋ, ಕಲಿಸ್ತೀನಿ” ಎಂದರು. ನಿಮ್ಮ ಮಗನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಆಮೇಲೆ ರೂಮಿನಲ್ಲಿ ನಗು ತಡೆಯಲಾರದೆ ಹೇಳಿದರು, “ಅಪ್ಪಂಗೆ ಸೈಕಲ್ಲೂ ಬರಲ್ಲ ಕಣೇ.”

ಆದರೂ ಅವರು ಕಲಿಸಿದರು. ಡ್ರಾಯಿಂಗ್ ಮೇಷ್ಟ್ರಲ್ಲವೇ, ಧೂಳು ಹಿಡಿದ ಗಾಜಿನ ಮೇಲೆ ಬೆರಳಿನಿಂದ ಗೇರುಗಳ ನಕ್ಷೆ ಬರೆದರು. ನಿಮ್ಮ ಪಕ್ಕ ಕೂತು ಕಳೆದ ಅಷ್ಟೂ ವರ್ಷ ಅವರ ಕಿವಿಯಲ್ಲಿ ಹಾಗೇ ಇತ್ತು. “ಇಂಜಿನ್ ಕಿರುಚ್ತಿದೆ ನೋಡು, ಇಷ್ಟು ಹೊತ್ತಿಗೆ ಅವಳು ಸೆಕೆಂಡಿಗೆ ಹಾಕಿರೋಳು” ಎನ್ನುವರು. “ಬ್ರೇಕ್ ಒತ್ತುವಾಗ ಗೇರಿನ ಕೈ ಹೀಗೆ ಅಡ್ಡ ಬರ್ಬೇಕು” ಎಂದು ನನ್ನ ಕೈಯನ್ನು ತಮ್ಮ ಎದೆಯ ಮುಂದೆ ಚಾಚಿಸಿದರು. ಗೇರಿನ ಕಾರಿನಲ್ಲಿ ಎಷ್ಟೊಂದು ನಿಯಮಗಳಪ್ಪ ಎಂದುಕೊಂಡು ನಾನು ಎಲ್ಲವನ್ನೂ ಶ್ರದ್ಧೆಯಿಂದ ಕಲಿತೆ.

ಸೀಟನ್ನು ಮಾತ್ರ ಮುಟ್ಟಗೊಡಲಿಲ್ಲ. ನೀವು ಗಿಡ್ಡ, ನಾನು ಏಣಿಯ ಹಾಗೆ ಉದ್ದ. ಮೊಣಕಾಲು ಸ್ಟೀರಿಂಗಿಗೆ ತಾಗುತ್ತಿತ್ತು. ಹಿಂದಕ್ಕೆ ಸರಿಸಲು ಬಗ್ಗಿದರೆ ಮಾವನ ಮುಖ ಸಣ್ಣದಾಗುತ್ತಿತ್ತು. “ಅದೊಂದು ಇರ್ಲಿ ಬಿಡಮ್ಮ. ಒಂದ್ಸಲ ಸರಿಸಿದ್ರೆ ಮತ್ತೆ ಅವಳ ಜಾಗ ಸಿಗಲ್ಲ.” ಹಾಗಾಗಿ ನಾನು ಕಾಲು ಮಡಚಿಕೊಂಡೇ ಕಲಿತೆ. ಕ್ಲಚ್ಚನ್ನು ನಿಧಾನವಾಗಿ ಬಿಡಲು ಕಾಲಿಗೆ ಜಾಗವೇ ಇಲ್ಲ. ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ ಆಫ್ ಆಗುತ್ತಿತ್ತು. ಆಗೆಲ್ಲ ಮಾವ ಡ್ಯಾಶ್‌ಬೋರ್ಡನ್ನು ಮೆಲ್ಲನೆ ತಟ್ಟಿ “ಹೋಗ್ಲಿ, ಹೋಗ್ಲಿ” ಎನ್ನುತ್ತಿದ್ದರು. ಸಮಾಧಾನ ನನಗೋ ಕಾರಿಗೋ ತಿಳಿಯುತ್ತಿರಲಿಲ್ಲ.

ಕೊನೆಗೆ ನಿಮ್ಮ ಮಗ ಒಂದು ಷರತ್ತು ಹಾಕಿದರು. “ಆಸ್ಪತ್ರೆ ಏರಲ್ಲಿ ನಿಲ್ಸಿ, ಮತ್ತೆ ಹೊರಡಿಸು. ಅಷ್ಟು ಮಾಡಿದ್ರೆ ಕಾರು ಇರ್ಲಿ. ಇಲ್ಲಾಂದ್ರೆ ನಾಳೆ ಮೆಕ್ಯಾನಿಕ್ ಬರ್ತಾನೆ.” ನೀವು ನರ್ಸಾಗಿ ದಿನವೂ ಹತ್ತುತ್ತಿದ್ದ ಏರು ಅದು. ಕಡೆಗೆ ರೋಗಿಯಾಗಿ ಹೋದದ್ದೂ ಅದರಲ್ಲೇ. ಆಮೇಲೆ ಮಾವ ಆ ರಸ್ತೆಯ ಕಡೆ ಸುಳಿದಿರಲಿಲ್ಲ. ಇವತ್ತು ತಾವಾಗಿಯೇ ಬಂದು ತಮ್ಮ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು.

ಏರಿನ ನಡುವೆ ಸಿಗ್ನಲ್ ಬಿತ್ತು. ಹಸಿರಾದಾಗ ಕಾರು ಆಫ್ ಆಯಿತು. ಇನ್ನೊಮ್ಮೆ ಹೊರಡಿಸಿದರೆ ಹಿಂದಕ್ಕೆ ಜಾರಿತು. ಗಾಬರಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ಹಿಂದೆ ಒಂದೇ ಸಮನೆ ಹಾರ್ನ್ ಸದ್ದು. ಹಿಂದಿನ ಸೀಟಿನಿಂದ ನಿಮ್ಮ ಮಗ “ಸಾಕು ಬಿಡು, ನಾನಿಳಿದು ಪಕ್ಕಕ್ಕೆ ತಳ್ತೀನಿ” ಎಂದರು. ಮಾವ ಆಸ್ಪತ್ರೆಯ ಮೇಲಿನ ಕಿಟಕಿಗಳನ್ನೇ ನೋಡುತ್ತಿದ್ದರು. ನನ್ನ ಕಣ್ಣು ತುಂಬಿತು. ನಾಳೆಯಿಂದ ಇವರು ಎಲ್ಲಿ ಕೂತು ಪೇಪರ್ ಓದುತ್ತಾರೆ ಎನ್ನುವುದೊಂದೇ ತಲೆಯಲ್ಲಿತ್ತು.

“ಸೀಟು ಹಿಂದಕ್ಕೆ ತಗೋಮ್ಮ.”

ನನಗೆ ನಂಬಿಕೆ ಬರಲಿಲ್ಲ. “ಬೇಡ ಮಾವ, ಹೀಗೇ ಮಾಡ್ತೀನಿ” ಎಂದೆ.

“ತಗೋ. ಅವಳೂ ತನ್ನ ಕಾಲಿಗೆ ಬೇಕಾದ ಹಾಗೆ ತಾನೆ ಇಟ್ಕೊಂಡಿದ್ದು?”

ಸೀಟು ಸುಲಭಕ್ಕೆ ಬಿಡಲಿಲ್ಲ. ಕಿರ್ರೆಂದು ಸದ್ದು ಮಾಡಿ ಸರಿಯಿತು. ಹಿಂದೆ ನಿಮ್ಮ ಮಗ ಮೊಣಕಾಲು ಎಳೆದುಕೊಂಡರು. ನಾನು ಮೊದಲ ಸಲ ಕಾಲು ನೀಡಿದೆ. ಕ್ಲಚ್ಚನ್ನು ಒಂದಿಷ್ಟೊಂದಿಷ್ಟೇ ಬಿಟ್ಟೆ. ಇಂಜಿನ್ನಿನ ದನಿ ದಪ್ಪವಾಯಿತು, ಕಾರಿನ ಮೂತಿ ಸ್ವಲ್ಪ ಮೇಲೆದ್ದಂತಾಯಿತು. “ಹಾಂ, ಇದೇ ಅವಳ ಸದ್ದು” ಎಂದರು ಮಾವ. ಹ್ಯಾಂಡ್‌ಬ್ರೇಕ್ ಇಳಿಸಿದೆ. ಕಾರು ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ಒಂದು ಗಳಿಗೆ ಉಸಿರು ಹಿಡಿದು ನಿಂತಿತು. ಆಮೇಲೆ ಹತ್ತಿತು ಅತ್ತೆ. ಹತ್ತಿಯೇ ಬಿಟ್ಟಿತು.

ಮೇಲೆ, ಆಸ್ಪತ್ರೆಯ ಗೇಟಿನಿಂದ ಆಂಬುಲೆನ್ಸ್ ಒಂದು ಹೊರಬಂತು. ಬ್ರೇಕ್ ಒತ್ತಿದೆ. ಕೈ ತಾನಾಗಿ ಮಾವನ ಎದೆಗೆ ಅಡ್ಡ ಹೋಯಿತು.

“ಇದೇನೇ ಇದು?” ಎಂದರು ನಿಮ್ಮ ಮಗ.

“ಗೇರ್ ಕಾರಲ್ಲಿ ಬ್ರೇಕ್ ಒತ್ತುವಾಗ ಹೀಗೆ ಮಾಡ್ಬೇಕಂತಲ್ಲ. ಮಾವ ಹೇಳ್ಕೊಟ್ರು.”

ಅವರು ಎರಡು ಸೀಟುಗಳ ನಡುವೆ ಮುಂದಕ್ಕೆ ಬಾಗಿದರು. “ಯಾವ ಕಾರಲ್ಲೂ ಹಾಗಿಲ್ಲ ಕಣೇ. ಅದು ಅಮ್ಮ ಮಾಡ್ತಿದ್ದದ್ದು. ಅಪ್ಪ ಮುಂದಕ್ಕೆ ಮುಗ್ಗರಿಸಬಾರದು ಅಂತ.”

ಮಾವ ನನ್ನ ಕೈಯನ್ನೇ ನೋಡಿದರು. “ಓಡ್ಸೋರೆಲ್ಲ ಹಾಗೇ ಮಾಡ್ತಾರೆ ಅಂದ್ಕೊಂಡಿದ್ದೆ” ಎಂದರು. ಮತ್ತೆ, ನಮ್ಮಿಬ್ಬರಿಗೂ ಹೇಳಿದ್ದಲ್ಲ ಎನ್ನುವ ದನಿಯಲ್ಲಿ, “ನನಗೋಸ್ಕರನಾ?” ಎಂದರು. ಮನೆ ಬರುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಕಾರು ಆಫ್ ಮಾಡಿದ ಮೇಲೂ ನಾವು ಮೂವರೂ ಶೆಡ್ಡಿನೊಳಗೆ ಹಾಗೇ ಕೂತಿದ್ದೆವು. ಆಮೇಲೆ ನಿಮ್ಮ ಮಗ “ಮೆಕ್ಯಾನಿಕ್‌ಗೆ ಬರೋದು ಬೇಡ ಅಂತೀನಿ. ಮುಂದಿನ ಸಲ ನಾನು ಮುಂದೆ ಕೂತ್ಕೋತೀನಿ” ಎಂದರು. “ಅದು ನನ್ನ ಸೀಟು” ಎಂದರು ಮಾವ.

ಎಲ್ಲರೂ ಒಳಗೆ ಹೋದ ಮೇಲೆ ನಾನು ಕಾರಿನೊಳಗೆ ಇನ್ನೊಮ್ಮೆ ಬಗ್ಗಿ ನೋಡಿದೆ. ಪೆಡಲುಗಳ ಕೆಳಗಿನ ಮ್ಯಾಟಿನಲ್ಲಿ ನಿಮ್ಮ ಹಿಮ್ಮಡಿ ಸವೆಸಿದ ಗುಂಡನೆಯ ಗುರುತಿದೆ. ನನ್ನ ಹಿಮ್ಮಡಿ ಅದರ ಮೇಲೆ ಬೀಳುವುದಿಲ್ಲ, ಎರಡು ಬೆರಳು ಹಿಂದೆ ಬೀಳುತ್ತದೆ. ಕೈ ಮಾತ್ರ ನೀವು ಚಾಚುತ್ತಿದ್ದಲ್ಲಿಗೇ ಹೋಗುತ್ತದೆ. ಅದು ಡ್ರೈವಿಂಗ್ ಅಲ್ಲ ಎಂದು ಈಗ ಗೊತ್ತಾಗಿದೆ. ಗೊತ್ತಾದರೂ ನಾನದನ್ನು ಬಿಡುವುದಿಲ್ಲ.

ನೀವು ಇರುವಲ್ಲಿ ದಾರಿಯೆಲ್ಲ ಸಮತಟ್ಟಾಗಿರಲಿ ಅತ್ತೆ. ನಮ್ಮ ಏರುಗಳಲ್ಲಿ ನಿಮ್ಮ ಹರಕೆ ಜೊತೆಗಿರಲಿ.

ನಿಮ್ಮ ಕಾರನ್ನೂ ನಿಮ್ಮವರನ್ನೂ ಜೋಪಾನವಾಗಿ ಕರೆದುಕೊಂಡು ಹೋಗಿ ಬರುವ,
ನಿಮ್ಮ ಸೊಸೆ