ಕೆಂಪಿನಿಂದ ಇಳಿಯದ ಮುಳ್ಳು

ಮಾರ್ಚ್ 3, ಸೋಮವಾರ

ಇವತ್ತೂ ಅದೇ. ಕೀ ತಿರುಗಿಸಿದ್ದೇ ತಡ, ಟೆಂಪರೇಚರ್ ಮುಳ್ಳು ನೆಟ್ಟಗೆ ಕೆಂಪಿಗೆ. ಇಂಜಿನ್ ಇನ್ನೂ ತಣ್ಣಗಿತ್ತು. ಗಾಜಿಗೆ ಬಡಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಬಟ್ಟೆ ಮೂಟೆ ಹೇರಿಕೊಂಡು ಅಣ್ಣನ ಲಾಂಡ್ರಿಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಲಾಂಡ್ರಿ... ಗಾಣದೆತ್ತು ನಾನು.

ಶುಕ್ರವಾರ ಗುಡ್ಡದಾಚೆ ಊರಿನಲ್ಲಿ ಗಾಡಿ ತೋರಿಸಬೇಕು. ಅಲ್ಲೇ ಇರುವ ಅಕ್ಕ ಹುಡುಕಿದ ಕೆಲಸ, ಸ್ವಂತ ಪಿಕಪ್ ಇದ್ದವರಿಗೆ ಮಾತ್ರ. ಹಳೆಯದಾದರೂ ಗಾಡಿ ನನ್ನದೇ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನನ್ನ ಹೆಸರಿಗಾಯಿತು.

ಅಣ್ಣ ಬಿಡುತ್ತಿಲ್ಲ. "ಈ ಮುಳ್ಳು ನಂಬ್ಕೊಂಡು ಗುಡ್ಡ ಹತ್ತುತ್ತೀಯಾ? ನಿಜವಾಗ್ಲೂ ಬಿಸಿಯಾದ್ರೆ ಹೇಗೆ ಗೊತ್ತಾಗುತ್ತೆ? ಇಂಜಿನ್ ಸೀಜ್ ಆಗಿ ನಿಂತ್ಬಿಡುತ್ತೆ, ಹುಚ್ಚಿ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ನನ್ನ ಒಳ್ಳೇದಂತೆ.

ಮಾರ್ಚ್ 4

ಮೆಕ್ಯಾನಿಕ್ ಬಂದಿದ್ದ. ಅಣ್ಣನ ಗೆಳೆಯ. ಬಾನೆಟ್ ಎತ್ತಿದ, ಮುಚ್ಚಿದ. "ಸೆನ್ಸರ್ ಹೋಗಿದೆ. ಹಳೇ ಮಾಡೆಲ್, ಪಾರ್ಟ್ ಸಿಗಲ್ಲ ಬಿಡಿ." ಮಾತಾಡಿದ್ದು ನನ್ನ ಜೊತೆ, ನೋಡಿದ್ದು ಅಣ್ಣನ ಕಡೆ.

ಊಟದ ಹೊತ್ತಿನಲ್ಲಿ ನಾನೇ ಕೈಹಾಕಿದೆ. ಸೆನ್ಸರಿನ ವೈರ್ ಕಳಚಿ ನೋಡಿದೆ. ತಪ್ಪು ಸೆನ್ಸರಿನದಾಗಿದ್ದರೆ ಮುಳ್ಳು ಇಳಿಯಬೇಕಿತ್ತು. ಇಳಿಯಲಿಲ್ಲ. ಅಂದರೆ ವೈರ್ ದಾರಿಯಲ್ಲೆಲ್ಲೋ ಗಾಡಿಯ ತಗಡಿಗೆ ತಾಗಿ ಮುಳ್ಳನ್ನು ಕೆಂಪಿಗೆ ಎಳೆಯುತ್ತಿದೆ. ಎಲ್ಲಿ?

ಮಾರ್ಚ್ 6

ಸಿಕ್ಕಿತು. ಬ್ಯಾಟರಿ ಹಿಂದೆ. ವೈರಿನ ಸಿಪ್ಪೆ ಸುಲಿದು, ತಗಡಿನ ಸ್ಕ್ರೂಗೆ ಸುತ್ತಿ, ಮೇಲೆ ಕಪ್ಪು ಟೇಪು. ಟೇಪಿನ ತುದಿ ಮಡಚಿತ್ತು. ನಮ್ಮಲ್ಲಿ ಹಾಗೆ ಮಡಚುವುದು ಅಣ್ಣ ಒಬ್ಬನೇ, ಮುಂದಿನ ಸಲ ಬಿಚ್ಚಲು ಸುಲಭ ಅಂತ. ಇಸ್ತ್ರಿಪೆಟ್ಟಿಗೆಯ ವೈರಿಗೂ ಹಾಗೇ, ನನ್ನ ಕನ್ನಡಕದ ಕಾಲಿಗೂ ಹಾಗೇ.

ಸಿಟ್ಟು ಬಂತು. ಬಿಚ್ಚಿ ಹೊಸ ಟೇಪು ಸುತ್ತಿದೆ. ಮುಳ್ಳು ಇಳಿಯಿತು, ಇಂಜಿನ್ ಕಾದ ಹಾಗೆ ಮೆಲ್ಲಗೆ ನಡುವಿಗೆ ಬಂತು. ಅಳು ಬಂತು.

ಪಾಪ, ಅಕ್ಕನ ಹಾಗೆ ನಾನೂ ಹೋದರೆ ತಾನೊಬ್ಬನೇ ಆಗಿಬಿಡುವ ಹೆದರಿಕೆಯಿರಬೇಕು ಅವನಿಗೆ.

ಮಾರ್ಚ್ 7, ಶುಕ್ರವಾರ, ಬೆಳಿಗ್ಗೆ

ಕೀ ತಿರುಗಿಸಿದೆ. ಸದ್ದಿಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿಯೇ ಇಲ್ಲ.

ಅಣ್ಣ ಇಸ್ತ್ರಿ ಮಾಡುತ್ತಿದ್ದ. "ಚಾರ್ಜಿಗೆ ಕೊಟ್ಟಿದ್ದೀನಿ. ನಾಳೆ ಬರುತ್ತೆ."

"ಟೇಪ್ ನೋಡ್ದೆ, ಅಣ್ಣಾ. ನನ್ನ ಬಿಟ್ಟಿರೋಕಾಗಲ್ಲ ಅಂತ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?"

ದಿಂಬಿನ ಕವರು ಮಡಚಿಟ್ಟ. "ಹೋಗಮ್ಮ, ಯಾರು ಬೇಡ ಅಂದ್ರು? ಬಸ್ಸಿದೆ. ಗಾಡಿ ಇಲ್ಲಿರ್ಲಿ."

ಅವನಿಗೆ ಬೇಕಿರುವುದು ಗಾಡಿ... ನಾನಲ್ಲ. ನಿನ್ನೆ ಅತ್ತದ್ದಕ್ಕೆ ನಾಚಿಕೆಯಾಯಿತು.

ಅದೇ ದಿನ, ಆಸ್ಪತ್ರೆ ಹಿಂದೆ

ಆಸ್ಪತ್ರೆಯವರು ಫೋನಿನಲ್ಲಿ ಬೈದರಂತೆ, ಹಾಸಿಗೆಗೆ ಹೊದಿಸಲು ಬಟ್ಟೆಯಿಲ್ಲ ಅಂತ. ಅಣ್ಣನಿಗೆ ಓಡಿಸಲು ಬರುವುದಿಲ್ಲ, ಬೇರೆ ಗಾಡಿಯೂ ಡ್ರೈವರೂ ಸಿಗಲಿಲ್ಲ. ಇಸ್ತ್ರಿ ಮೇಜಿನ ಕೆಳಗಿಂದ ಬ್ಯಾಟರಿ ಎಳೆದು ತಾನೇ ಕೂರಿಸಿದ. ಮುಖ ನೋಡಲಿಲ್ಲ. "ಇಳಿಸಿ ನೆಟ್ಟಗೆ ವಾಪಸ್ ಬಾ."

ಇಳಿಸಿದೆ. ಗಾಡಿ ಖಾಲಿ. ಇಂಜಿನ್ ಆರಿಸಿಲ್ಲ. ಎಡಕ್ಕೆ ಲಾಂಡ್ರಿ, ಬಲಕ್ಕೆ ಗುಡ್ಡದ ರಸ್ತೆ. ಸ್ಟೀರಿಂಗ್ ಮೇಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಫೋನು ಹೊಡೆದುಕೊಳ್ಳುತ್ತಿದೆ. ಅಣ್ಣ. ಎತ್ತಿದರೆ ನಾನು ಮತ್ತೆ ಎಡಕ್ಕೇ ತಿರುಗುತ್ತೇನೆ. ಪೆನ್ನು ಇಟ್ಟು ಬಲಕ್ಕೆ ತಿರುಗಿಸುತ್ತೇನೆ.