ಹಸಿರು ಕಣ್ಣಿನ ರೇಡಿಯೋ

ಸಪ್ತಾಪುರ, ಧಾರವಾಡ
೨೦ ಜನವರಿ ೨೦೦೨, ರವಿವಾರ

ಪ್ರೀತಿಯ ಪೂನಮ್‌ಗೆ, ಅಪ್ಪನ ಆಶೀರ್ವಾದ.

ನಾವಿಬ್ಬರೂ ಕ್ಷೇಮ ಎಂದು ಬರೆದು ಮುಂದಿನ ಸಾಲಿಗೆ ಹೋಗುವುದು ನನ್ನ ರೂಢಿ. ಈ ಸಲ ಹಾಗೆ ಬರೆದರೆ ಅರ್ಧ ಸುಳ್ಳಾಗುತ್ತದೆ. ಅದಕ್ಕೆ ಬಿಟ್ಟಿದ್ದೇನೆ.

ದೀಪಾವಳಿ ಮುಗಿದು ಸ್ವಲ್ಪ ದಿನಕ್ಕೆ ನಿನ್ನ ಫೋನ್ ನಿಂತಿತು. ನಾನು ಮಾಡಿದರೆ ಅಳಿಯ ಶಶಿಕುಮಾರರು ಎತ್ತಿ, ಆಕೆ ಮಲಗಿದ್ದಾಳೆ ಎನ್ನುತ್ತಿದ್ದರು. ಮೊನ್ನೆ ಅವರ ಪತ್ರ ಬಂತು. ನಾಲ್ಕು ತಿಂಗಳ ಬಸಿರು ಹೋಯಿತೆಂದೂ, ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ನೀನು ಅವ್ವಗೆ ಫೋನಿನಲ್ಲಿ ತಿಳಿಸಿದೆಯೆಂದೂ, ಅವ್ವ "ಛಲೋ ಆತು ಬಿಡವಾ" ಎಂದು ಫೋನ್ ಇಟ್ಟಳೆಂದೂ ಬರೆದಿದ್ದಾರೆ. ಇನ್ನು ಮೇಲೆ ತವರಿನ ಹೆಸರು ಎತ್ತಬೇಡಿರಿ ಎಂದು ಅವರಿಗೆ ಹೇಳಿದ್ದೀಯಂತೆ. ಅವ್ವ ಹಾಗೆ ಅಂದಿರಲಿಕ್ಕಿಲ್ಲ ಎಂದು ನಾನು ವಾದಿಸುವುದಿಲ್ಲ. ಅಂದಿದ್ದಾಳೆ. ಆದರೆ ಈ ಪತ್ರದಲ್ಲಿ ಹೆಚ್ಚಾಗಿ ರೇಡಿಯೋದ ವಿಷಯ ಇದೆ. ಸಿಟ್ಟು ಮಾಡಿಕೊಳ್ಳದೆ ಕೊನೆಯವರೆಗೆ ಓದು.

ನಮ್ಮ ವಾಲ್ವ್ ರೇಡಿಯೋ ನಿನಗೆ ಗೊತ್ತು. ಸ್ಟೇಶನ್ ಸರಿಯಾಗಿ ಹಿಡಿದಾಗ ಅದರ ಮುಂದಿನ ಹಸಿರು ಬೆಳಕು ಎರಡೂ ಕಡೆಯಿಂದ ಬಂದು ಕೂಡಿ ಕಣ್ಣು ಮುಚ್ಚಿದ ಹಾಗೆ ಆಗುತ್ತದೆ. ಸಣ್ಣವಳಿದ್ದಾಗ ನೀನು ಅದನ್ನು ಬೆಕ್ಕಿನ ಕಣ್ಣು ಎನ್ನುತ್ತಿದ್ದೆ. ಮನೆಯ ಪದ್ಧತಿಯೂ ನೆನಪಿರಬೇಕು. ಮುಂಜಾನೆ ವಾರ್ತೆ ಬರುವಾಗ ನಾನು ಬಚ್ಚಲಲ್ಲಿ ಇರುತ್ತೇನೆ. ಅವ್ವ ರೊಟ್ಟಿ ಬಡಿಯುತ್ತ ಕೇಳಿ, ನಾನು ನಾಷ್ಟಾಕ್ಕೆ ಕೂತಾಗ ದೊಡ್ಡ ಸುದ್ದಿಗಳನ್ನು ಹೇಳುವುದು. ಪೇಪರ್ ಏನಿದ್ದರೂ ಆಮೇಲೆ.

ಹೋದ ವರ್ಷದಿಂದ ಆಕೆಯ ಸುದ್ದಿ ತೆಳ್ಳಗಾಗುತ್ತ ಬಂದಿತ್ತು. ಏನಂದರು ಎಂದು ಕೇಳಿದರೆ, "ಏನೈತ್ರಿ, ಅದ ರಾಜಕೀಯ" ಎನ್ನುವಳು. ಒಮ್ಮೆ ಸುಡು ಬೇಸಿಗೆಯಲ್ಲಿ "ಮಳಿ ಐತಂತ್ರಿ" ಎಂದಳು. ಡಿಸೆಂಬರಿನಲ್ಲಿ ಒಂದು ದಿನ ಬಸ್ ಬಂದ್ ಇತ್ತು. ವಾರ್ತೆಯಲ್ಲಿ ಅದೇನೂ ಬರಲಿಲ್ಲ ಎಂದು ಆಕೆ ಹೇಳಿದ್ದನ್ನು ನಂಬಿ ಸ್ಟ್ಯಾಂಡಿಗೆ ಹೋಗಿ ಬರಿಗೈಯಲ್ಲಿ ತಿರುಗಿ ಬಂದೆ. ಬಾಜೂ ಮನೆಯ ಕಸ್ತೂರೆವ್ವ ಅಂಗಳದಲ್ಲಿದ್ದಳು. ಆಕೆಯ ಎದುರಿಗೇ ಅವ್ವನ ಮುಖ ನೋಡಿ, "ನಿನಗ ಅಂತ ಬ್ಯಾರೆ ಸ್ಟೇಶನ್ ಇಟ್ಟಾರೇನು?" ಎಂದು ನಕ್ಕೆ. "ಗುಡ್ಡವ್ವನ ವಾರ್ತಾನ ಬ್ಯಾರೆ ಬಿಡ್ರಿ, ಅದರಾಗ ಬಸ್ ಬಂದ್ ಆಗೂದಿಲ್ಲ" ಎಂದು ಅವ್ವನ ಹೆಸರು ಹಿಡಿದು ಕಸ್ತೂರೆವ್ವನೂ ನಕ್ಕಳು. ಅವ್ವ ನಗಲಿಲ್ಲ.

ಮರುದಿನ ರೇಡಿಯೋದ ದನಿ ನಿಂತಿತು.

ದನಿ ಹೋದರೆ ಕೊನೆಯಿಂದ ಹಿಂದಕ್ಕೆ ಹೋಗಬೇಕು, ಮೊದಲು ಸ್ಪೀಕರ್, ಆಮೇಲೆ ಅದರ ಹಿಂದಿನದು ಎಂದು ಐಟಿಐ ಹುಡುಗರಿಗೆ ಕಲಿಸುತ್ತ ನಿವೃತ್ತನಾದವನು ನಾನು. ನನ್ನ ಮನೆಯ ಸೆಟ್ಟಿಗೆ ಆ ಪಾಠ ಮರೆತೆ. ಹಳೆಯದು, ವಾಲ್ವೇ ಹೋಗಿರಬೇಕು ಎಂದು ನೇರ ಅಲ್ಲಿಗೇ ಕೈ ಹಾಕಿದೆ. ದೀಪ ಹತ್ತುತ್ತಿತ್ತು, ವಾಲ್ವ್‌ಗಳು ಕೆಂಪಗೆ ಕಾಯುತ್ತಿದ್ದವು. ಸ್ಟೇಶನ್ ಗುಂಡಿ ತಿರುಗಿಸಿದರೆ ಹಸಿರು ಕಣ್ಣು ಮುಚ್ಚುತ್ತಿತ್ತು. ಎಂದರೆ ಸ್ಟೇಶನ್ ಒಳಗೆ ಬರುತ್ತಿದೆ, ದನಿ ಹೊರಗೆ ಹೋಗುತ್ತಿಲ್ಲ. ದನಿ ಏರಿಸುವ ಗುಂಡಿಯ ಹಿಂದೆ ತಂತಿ ಬೆಸೆದ ಮೂರು ಕಾಲುಗಳಲ್ಲಿ ನಡುವಿನದಕ್ಕೆ ಸ್ಕ್ರೂಡ್ರೈವರ್ ಮುಟ್ಟಿಸಿದರೆ ಗುಂಯ್ ಎನ್ನಬೇಕು. ಅನ್ನಲಿಲ್ಲ. ಕೊನೆಯ ವಾಲ್ವ್ ಕಿತ್ತು, ಅರಿವೆಯಲ್ಲಿ ಸುತ್ತಿ ಹುಬ್ಬಳ್ಳಿಯ ದುರ್ಗದಬೈಲಿಗೆ ಒಯ್ದೆ. ಅಲ್ಲಿ ಖಾದರಬಾಷಾ ಇನ್ನೂ ಹಳೇ ಸೆಟ್ ರಿಪೇರಿ ಮಾಡುತ್ತಾನೆ. ತನ್ನ ಸೆಟ್ಟಿಗೆ ಹಾಕಿ ನೋಡಿದ. "ಮಾಸ್ತರ, ನಮ್ಮಿಬ್ಬರನ್ನೂ ಮಣ್ಣು ಮಾಡಿ ಇದು ಹಾಡಕೋತ ಕೂಡತೈತಿ. ಒಯ್ರಿ ಮನಿಗೆ" ಎಂದ.

ಮನೆಗೆ ಬಂದು ನನ್ನ ಪಾಠಕ್ಕೇ ತಿರುಗಿದೆ. ಕರೆಂಟಿನ ಪ್ಲಗ್ ಕಿತ್ತಿಟ್ಟು, ಸ್ಪೀಕರಿನ ಎರಡೂ ಕಾಲಿಗೆ ಬ್ಯಾಟರಿ ಸೆಲ್ ಮುಟ್ಟಿಸಿದೆ. ಕಟ್ ಎಂದಿತು. ಸ್ಪೀಕರ್ ಜೀವಂತ ಇದೆ. ಅದಕ್ಕೆ ದನಿ ತರುವ ತಂತಿ ಹಿಡಿದು ಹೋದರೆ, ತುದಿಯ ಸಣ್ಣ ಪ್ಲಗ್ ತನ್ನ ಜಾಗದಿಂದ ಹೊರಗಿತ್ತು. ಇಲಿ ಕಡಿದಿರಲಿಲ್ಲ, ತಾನಾಗಿ ಕಳಚಿಯೂ ಇರಲಿಲ್ಲ. ತಂತಿಯನ್ನು ನೀಟಾಗಿ ಸುತ್ತಿ, ಕೌದಿ ಹೊಲಿಯುವ ಕೆಂಪು ದಾರದಿಂದ ಕಟ್ಟಿ, ಹಲಗೆಯ ಸಂದಿನಲ್ಲಿ ಸಿಗಿಸಿ ಇಟ್ಟಿತ್ತು.

ಆ ಹಿಂದಿನ ಹಲಗೆ ಮುಟ್ಟಬೇಡ, ಒಳಗೆ ಜೀವ ತೆಗೆಯುವಷ್ಟು ಕರೆಂಟ್ ಇರುತ್ತದೆ ಎಂದು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದೇನೆ. ಅಲ್ಲಿ ಕೈ ಹಾಕಬೇಕಾದರೆ ಅವ್ವಗೆ ಅದಕ್ಕಿಂತ ದೊಡ್ಡ ಹೆದರಿಕೆ ಏನಿತ್ತು ಎಂದು ಯೋಚಿಸುತ್ತ ಆ ಕೆಂಪು ದಾರ ಬಿಚ್ಚಿದೆ.

ಎರಡೂ ಪ್ಲಗ್ ಸೇರಿಸಿದೆ. ವಾರ್ತೆ ಮನೆ ತುಂಬ ಕೇಳಿಸಿತು. ಒಲೆಯ ಮುಂದಿದ್ದ ಅವ್ವ ತಿರುಗಲಿಲ್ಲ. ಹೋಗಿ ಭುಜ ಮುಟ್ಟಿದೆ. ಬಂದಳು, ಹಸಿರು ಕಣ್ಣು ನೋಡಿದಳು, "ಬಂತಲ್ಲರಿ" ಎಂದು ತಲೆಯಾಡಿಸಿದಳು. ನಾನು ಆಕೆಗೆ ಕಾಣದ ಹಾಗೆ ದನಿ ಪೂರ್ತಿ ಇಳಿಸಿದೆ. ದನಿ ಇಳಿಸಿದರೂ ಆ ಕಣ್ಣು ಮುಚ್ಚಿಯೇ ಇರುತ್ತದೆ. ಅವ್ವ ತಲೆಯಾಡಿಸುತ್ತಲೇ ಇದ್ದಳು. ನಾನು ತುಟಿ ಕಾಣದ ಹಾಗೆ ಮುಖ ಗೋಡೆಯ ಕಡೆ ಮಾಡಿ, ಆಕೆಯ ತವರೂರು ಸುಳ್ಳದ ಸುದ್ದಿಯೊಂದನ್ನು ಕಟ್ಟಿ, "ಸುಳ್ಳದಾಗ ನಿಮ್ಮಣ್ಣನ ಎಮ್ಮಿ ಸತ್ತತಂತ" ಎಂದೆ.

"ಛಲೋ ಆತು ಬಿಡ್ರಿ" ಎಂದಳು.

ಪೂನಮ್, ನಿನಗೆ ಸಿಕ್ಕ ಉತ್ತರವೂ ಅದೇ. ಅವ್ವ ನಿನ್ನ ಸುದ್ದಿ ಕೇಳಿ ಹಾಗೆ ಅನ್ನಲಿಲ್ಲ. ಏನೂ ಕೇಳಿಸದೆ ಅಂದಳು. ಮಗಳು ಫೋನ್ ಮಾಡಿದರೆ ಒಳ್ಳೆಯದನ್ನೇ ಹೇಳಿರುತ್ತಾಳೆ ಎಂಬ ಧೈರ್ಯದ ಮೇಲೆ ಅಂದಳು.

ಯಾಕೆ ಮುಚ್ಚಿಟ್ಟಳು ಎಂದು ನಾನು ಕೇಳಿಲ್ಲ. ನನ್ನ ಊಹೆ ಬರೆಯುತ್ತೇನೆ. ಸುಳ್ಳದ ನಿನ್ನ ಅಮ್ಮಗೆ, ಅವ್ವನ ತಾಯಿಗೆ, ಕಿವಿ ಹೋದ ಮೇಲೆ ಮನೆಮಂದಿ ಆಕೆಯನ್ನು ಕಿವುಡಿ ಎಂದೇ ಕರೆಯುತ್ತಿದ್ದರು, ಯಾರೂ ಹತ್ತಿರ ಕೂತು ಮಾತಾಡುತ್ತಿರಲಿಲ್ಲ. ನೀನೂ ನೋಡಿದ್ದೀ. ಇನ್ನೊಂದು, ನಿನ್ನ ಬಾಣಂತನ. ಕೂಸು ಅತ್ತರೆ ಕೇಳಿಸದವಳ ಕೈಗೆ ಕೂಸು ಕೊಡುವವರು ಯಾರು ಎಂದು ಆಕೆಗೆ ಅನ್ನಿಸಿರಬೇಕು. ಕೆಟ್ಟದ್ದು ರೇಡಿಯೋ ಎಂದಾದರೆ ಆಕೆಯನ್ನು ಯಾರೂ ಏನೂ ಕೇಳುವುದಿಲ್ಲ.

ಬಸಿರು ಹೋದದ್ದು ಅವ್ವಗೆ ಇನ್ನೂ ಗೊತ್ತಿಲ್ಲ. "ಪೂನಮ್‌ಗ ಎದ್ದು ಓಡಾಡೂದು ತ್ರಾಸ ಇರಬೇಕ್ರಿ, ಅದಕ್ಕ ಫೋನ್ ಇಲ್ಲ" ಎನ್ನುತ್ತಾಳೆ. ತನ್ನ ಹಳೇ ಇಳಕಲ್ ಸೀರೆ ಹರಿದು ಕೂಸಿಗೆ ಸಣ್ಣ ಕೌದಿ ಹೊಲಿಯುತ್ತಿದ್ದಾಳೆ. ನಾನು ತಿಳಿಸಬೇಕೆಂದರೆ ಕೂಗಿ ತಿಳಿಸಬೇಕು. ಗೋಡೆಯ ಆಚೆ ಕಸ್ತೂರೆವ್ವ ಇದ್ದಾಳೆ. ಅದಕ್ಕಿಂತ ಹೆಚ್ಚಾಗಿ, ಇದು ಕೂಗಿ ಹೇಳುವ ಮಾತಲ್ಲ. ಮಗ್ಗುಲಿಗೆ ಕೂತು ಬಾಯಿ ತೆರೆದೆ. ಆಕೆ ಕೌದಿ ಎತ್ತಿ ತೋರಿಸಿದಳು. ಚಂದ ಆಗಿದೆ ಎಂದು ಕೈಸನ್ನೆ ಮಾಡಿ ಎದ್ದು ಬಂದೆ.

ನಾಲ್ಕನೆಯ ಇಯತ್ತೆ ಕಲಿತವಳು. ಅಕ್ಷರ ಕೂಡಿಸಿ ಓದುತ್ತಾಳೆ, ನಿಧಾನ. ನಿನ್ನ ಪತ್ರಗಳನ್ನು ಇಲ್ಲಿಯವರೆಗೆ ನಾನೇ ಓದಿ ಹೇಳುತ್ತಿದ್ದೆ. ಈ ಪತ್ರವನ್ನು ಅಂಟಿಸಿ ನೇರ ಡಬ್ಬಿಗೆ ಹಾಕಲೋ ಬೇಡವೋ, ಇನ್ನೂ ತೀರ್ಮಾನ ಮಾಡಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಆ ದಿನ ನಿನಗೆ ಬೇಕಾಗಿದ್ದದ್ದು ಅವ್ವನ ಎರಡು ಮಾತು, ಅವು ಸಿಗಲಿಲ್ಲ. ಅದೂ ಖರೆ. ತಂತಿ ಎಲ್ಲಿ ಬಿಟ್ಟಿತ್ತು ಎಂಬುದನ್ನಷ್ಟೇ ತಿಳಿಸಿದ್ದೇನೆ. ಶಶಿಕುಮಾರರಿಗೆ ನನ್ನ ನಮಸ್ಕಾರ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ಉಡಚಪ್ಪ

ತಾ. ಕ.: ಪೂನಮ್, ನಾ ನಿಮ್ಮವ್ವ ಬರ್ಯಾಕತ್ತೇನಿ. ನಿಮ್ಮಪ್ಪ ಪತ್ರದ ಪಾಕೀಟಿಗೆ ಅಂಟು ಹಚ್ಚದ ರೇಡಿಯೋದ ಮ್ಯಾಲ ಇಟ್ಟು ಪ್ಯಾಟಿಗೆ ಹೋಗ್ಯಾರ. ಮರತು ಹೋದವರಲ್ಲ ಅವರು. ಕೂಡಿಸಿ ಕೂಡಿಸಿ ಓದಿದೆ, ಮಧ್ಯಾನದ ತನಕ ಹಿಡೀತು. ಅವತ್ತ ಫೋನಿನ್ಯಾಗ ನಿನ್ನ ದನಿ ನೀರಾಗಿಂದ ಬಂದಂಗ ಬಂತವಾ. ನಗಾಕತ್ತಿ ಅಂತ ತಿಳದೆ. ಆವಾಗ ಏನೇನ ಹೇಳಿದ್ದಿ, ಎಲ್ಲಾ ಬರದು ಕಳಸು. ದೊಡ್ಡ ಅಕ್ಷರದಾಗ ಬರಿ, ನಾನ ಓದತೇನಿ. ಕೌದಿ ಬಿಚ್ಚಿಲ್ಲ. ಸುತ್ತಲೂ ಅರಿವಿ ಕೂಡಿಸಿ ದೊಡ್ಡದು ಮಾಡಾಕತ್ತೇನಿ, ನಿನಗ ಹೊಚ್ಚಾಕ. ಮುಗಿಸಿ ತಗೊಂಡು ಬರತೇನಿ. ಸ್ಟ್ಯಾಂಡಿನ್ಯಾಗ ದೂರ ನಿಂತು ಕರೀಬ್ಯಾಡ, ಕೇಳೂದಿಲ್ಲ. ಬಂದು ಕೈ ಹಿಡಿ.